ದನದ ಟೇಪಿನಲ್ಲಿ ಅಳೆದ ಮೀನು

ಏಪ್ರಿಲ್ ತಿಂಗಳ ಕಡೆಯ ಶನಿವಾರ, ಬೆಳಗಿನ ಕಾಫಿ ಆಗಿ ತಿಂಡಿ ಇನ್ನೂ ಆಗದ ಹೊತ್ತು. ತೊಂಬತ್ತೇಳನೇ ಇಸವಿ. ಆ ವರ್ಷ ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟು, ಸ್ಪ್ರಿಂಕ್ಲರ್ ಹೊಡೆದು ಹೊಡೆದು ಕೊಟ್ಟಿಗೆಹಾರದ ಆಸುಪಾಸಿನ ತೋಟದ ಕೆರೆಗಳೆಲ್ಲ ತಳ ಹಿಡಿದಿದ್ದವು. ರಂಗನಾಥನ ಕೆರೆಯಲ್ಲಿ ಸೊಂಟದ ಮಟ್ಟಕ್ಕೆ ನೀರಿತ್ತು. ಅದರಲ್ಲಿ ನಾಲ್ಕು ಜನ ಬಲೆ ಹಿಡಿದು ನಿಂತಿದ್ದರು. ರಂಗನಾಥ ದಡದಲ್ಲಿ ಲುಂಗಿ ಎತ್ತಿಕಟ್ಟಿಕೊಂಡು, ಎಡಕ್ಕೆ ಹೋಗಿ, ಇಲ್ಲ ಬಲಕ್ಕೆ ಬನ್ನಿ, ಎಂದು ಅವರನ್ನು ಕೆಸರಿನಲ್ಲಿ ಓಡಾಡಿಸುತ್ತಿದ್ದ. ನಾನು ಅತ್ತಿ ಮರದ ಬುಡದಲ್ಲಿ ಕೂತಿದ್ದೆ. ನಮ್ಮಿಬ್ಬರ ತೋಟಕ್ಕೆ ನಡುವೆ ಒಂದು ಬೇಲಿ ಅಷ್ಟೆ. ಅವನ ತಂದೆಯ ವಾರಿಗೆಯವನಾದ್ದರಿಂದ ಆ ಮನೆಯವರಿಗೆಲ್ಲ ನಾನು ದೊಡ್ಡಯ್ಯ. ನಾನು ಹೆಚ್ಚು ಮಾತಾಡುವವನಲ್ಲವಾದ್ದರಿಂದ ಎಲ್ಲರೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡುತ್ತಾರೆ.

ರಂಗನಾಥನ ಗುಣ ಒಂದನ್ನು ಮೊದಲೇ ಹೇಳಿಬಿಡಬೇಕು. ಅವನು ಅಂದಾಜು ಮಾಡುತ್ತಿದ್ದ. ಕಾಫಿ ಗಿಡದ ಮುಂದೆ ಕೈಕಟ್ಟಿ ನಿಂತು, ಕಣ್ಣು ಅರ್ಧ ಮುಚ್ಚಿ, ಈ ಪಟ್ಟೆಯಲ್ಲಿ ಇಷ್ಟು ಚೀಲ ಎಂದು ಹೇಳಿಬಿಡುತ್ತಿದ್ದ. ಅಷ್ಟು ಚೀಲ ಒಂದು ವರ್ಷವೂ ಆಗಲಿಲ್ಲ. ಆದರೆ ಆಗದೆ ಇದ್ದದ್ದಕ್ಕೆ ಪ್ರತಿವರ್ಷ ಒಂದೊಂದು ಹೊಸ ಕಾರಣ ಇರುತ್ತಿತ್ತು. ಒಮ್ಮೆ ಕಾಯಿಕೊರಕ, ಒಮ್ಮೆ ಮುಸುವ, ಒಂದು ವರ್ಷ ಆಚೆ ಪಕ್ಕದ ತೋಟದ ಶಶಿಧರ್ ಮರ ಕಡಿಸಿದ್ದರಿಂದ ಗಾಳಿಯ ದಿಕ್ಕೇ ಬದಲಾಯಿತು ಅಂತ. ಅಂದಾಜು ತಪ್ಪಲಿಲ್ಲ, ಬೆಳೆ ತಪ್ಪಿತು ಎಂಬುದು ಅವನ ವಾದ. ಅವನ ಹೆಂಡತಿ ನಂಜಮ್ಮ ಇಪ್ಪತ್ತೈದು ವರ್ಷ ಸಂಸಾರ ಮಾಡಿ ಒಂದು ಉಪಾಯ ಕಂಡುಕೊಂಡಿದ್ದಳು. ಗಂಡ ಹೇಳಿದ್ದನ್ನು ಸಮಾಧಾನವಾಗಿ ಕೇಳಿ, ಒಳಗೆ ಹೋಗಿ, ಅದರಲ್ಲಿ ಅರ್ಧ ತೆಗೆದು ಉಳಿದದ್ದರ ಮೇಲೆ ಅಡುಗೆಗೆ ಅಕ್ಕಿ ಹಾಕುತ್ತಿದ್ದಳು.

ಕೆರೆಯ ಕಾಟ್ಲಾ ಮೀನೂ ಅವನ ಅಂದಾಜಿನಲ್ಲೇ ಬೆಳೆದದ್ದು. ಯಾವ ಕಾಲದಲ್ಲೋ ತಂದುಬಿಟ್ಟ ಮರಿಗಳಲ್ಲಿ ಅದೊಂದು ಯಾವ ಬಲೆಗೂ ಸಿಗದೆ ಉಳಿದುಕೊಂಡಿತ್ತು. ಸಂಜೆ ರಂಗನಾಥ ತೌಡಿನ ಉಂಡೆ ಎಸೆದರೆ ತೂಬಿನ ಹತ್ತಿರ ಬಂದು ಬೆನ್ನು ತೋರಿಸಿ ಹೋಗುತ್ತಿತ್ತು. ಅವನು ನೋಡಿದ್ದು ಬೆನ್ನು ಮಾತ್ರ. ಆದರೂ ವರ್ಷಕ್ಕೆ ಎರಡು ಕೆಜಿಯಂತೆ ಬ್ಯಾಂಕಿನವರು ಬಡ್ಡಿ ಸೇರಿಸಿದ ಹಾಗೆ ಸೇರಿಸುತ್ತ ಬಂದಿದ್ದ.

ಇದೆಲ್ಲ ತನ್ನ ಪಾಡಿಗೆ ನಡೆದುಕೊಂಡು ಹೋಗುತ್ತಿತ್ತು. ಕೆಟ್ಟದ್ದು ಮಗಳ ಮದುವೆಯಲ್ಲಿ. ಒಬ್ಬಳೇ ಮಗಳು ರೂಪಶ್ರೀ, ಕೊಟ್ಟದ್ದು ಕಳಸದ ಕಡೆಗೆ. ಹುಡುಗ ಅಶ್ವಿನ್, ಬಾಯಿಲ್ಲದ ಒಳ್ಳೆ ಹುಡುಗ. ಅವನ ಬಾಯನ್ನೂ ಸೇರಿಸಿ ಎರಡು ಬಾಯಿ ದೇವರು ಅವನಪ್ಪ ಹೂವೇಗೌಡರಿಗೆ ಕೊಟ್ಟಿದ್ದ. ಮೂಡಿಗೆರೆಯ ಛತ್ರದಲ್ಲಿ ಧಾರೆ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಅವರು ತಮ್ಮ ಹೊಳೆಯ ಮೀನಿನ ಸುದ್ದಿ ತೆಗೆದರು. ಭದ್ರಾ ಹೊಳೆಯಲ್ಲಿ ತಾವು ಹಿಡಿದ ಮೀನು ಇಷ್ಟು ಉದ್ದ ಎಂದು ಎರಡು ಕೈ ಅಗಲಿಸಿದಾಗ ಪಕ್ಕದಲ್ಲಿ ಕೂತಿದ್ದವರು ಜರುಗಿಕೊಳ್ಳಬೇಕಾಯಿತು. ಕೆರೆ ಮೀನು ಮೀನೇ ಅಲ್ಲ, ಅದು ನೀರಿನಲ್ಲಿರುವ ಸೊಪ್ಪು ಎಂದರು.

ಹೆಣ್ಣಿನ ತಂದೆಯಾದವನು ಆ ಹೊತ್ತಿನಲ್ಲಿ ಸುಮ್ಮನಿರುವುದು ವಾಡಿಕೆ. ರಂಗನಾಥ ಸುಮ್ಮನಿರಲಿಲ್ಲ. ನಮ್ಮ ಕೆರೆಯಲ್ಲಿ ಒಂದಿದೆ, ಬೀಗರ ಊಟಕ್ಕೆ ಬಂದಾಗ ಅದೊಂದೇ ಮೀನಿನಲ್ಲಿ ನಿಮ್ಮ ದಿಬ್ಬಣ ಪೂರ್ತಿ ಊಟ ಮಾಡಿ ಏಳಬಹುದು ಎಂದುಬಿಟ್ಟ.

ಹೂವೇಗೌಡರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಹಂಗಾದ್ರೆ ಬೀಗರೇ, ಕೋಳಿ ಕುರಿ ಏನೂ ಕೊಯ್ಯೋದು ಬೇಡ. ಆ ಮೀನೊಂದೇ ಸಾಕು. ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡ್ತೀನಿ, ತೂಕ ಹೇಳಿ. ಕೆಜಿಗೆ ಇಬ್ಬರ ಲೆಕ್ಕದಲ್ಲಿ ಜನ ಕರ್ಕೊಂಡು ಬರ್ತೀನಿ."

ಆಗ ರಂಗನಾಥನಿಗೆ ಅದು ಗೌರವದ ಮಾತಿನ ಹಾಗೆ ಕೇಳಿಸಿತು. ಮನೆಗೆ ಬಂದ ಮೇಲೆ ನಂಜಮ್ಮ ಬಿಡಿಸಿ ಹೇಳಿದಳು. ತೂಕ ಕಡಿಮೆ ಹೇಳಿದರೆ ಕಳಸದವರು ನಗುತ್ತಾರೆ. ಜಾಸ್ತಿ ಹೇಳಿದರೆ ಜನ ಜಾಸ್ತಿ ಬಂದು ಮೀನು ಸಾಲದೆ ಬೀಗರು ಬರಿ ಸಾರಿನಲ್ಲಿ ಕಡುಬು ಅದ್ದಿಕೊಂಡು ಏಳುತ್ತಾರೆ. ಎರಡರಲ್ಲಿ ಯಾವುದಾದರೂ ನಿಮಗೇನೂ ಆಗುವುದಿಲ್ಲ, ನೀವು ಇಲ್ಲಿರುತ್ತೀರಿ. ಅಲ್ಲಿ ಬಾಳಬೇಕಾದವಳು ಮಗಳು ಎಂದಳು. ನನ್ನ ಕಡೆ ತಿರುಗಿ, "ನೋಡಿ ದೊಡ್ಡಯ್ಯ, ನಾಳೆ ಅವಳು ಆ ಮನೇಲಿ ಉಪ್ಪು ಇಷ್ಟು ಸಾಕು ಅಂದ್ರೂ, ನಿಮ್ಮಪ್ಪನ ಲೆಕ್ಕವಾ ಅಂತ ಕೇಳ್ತಾರೆ. ಸಾಯೋವರೆಗೂ ಕೇಳ್ತಾರೆ" ಎಂದಳು. ರಂಗನಾಥ, ತೂಗಿಯೇ ಹೇಳುತ್ತೇನೆ, ಅಂದಾಜು ಮಾಡುವುದಿಲ್ಲ ಎಂದು ಒಪ್ಪಿಕೊಂಡ. ಅವನ ಆಯುಸ್ಸಿನಲ್ಲಿ ಅಂಥ ಮಾತು ಅದೇ ಮೊದಲು.

ಹೀಗಾಗಿ ಆ ಶನಿವಾರ ಬಲೆ. ಮಾರನೇ ದಿನ ಭಾನುವಾರ ಬೀಗರ ಊಟ. ಹೊಸ ಮದುಮಕ್ಕಳು ಗುರುವಾರವೇ ಬಂದು ಮನೆಯಲ್ಲಿದ್ದರು. ಊಟ ಮುಗಿದ ಮೇಲೆ ಬೀಗರ ಜೊತೆ ಹೊರಡಬೇಕು.

ಮೀನು ಸಿಕ್ಕಿತು. ಎಷ್ಟೋ ವರ್ಷ ತಪ್ಪಿಸಿಕೊಂಡದ್ದು ಆ ದಿನ ತಾನೇ ಬಂದು ಬಲೆಯ ಮೂಲೆಯಲ್ಲಿ ನಿಂತಿತು. ದಡಕ್ಕೆ ಎಳೆದಾಗ ಎಲ್ಲರೂ ಸುತ್ತ ಮುತ್ತಿಕೊಂಡು ನೋಡಿದೆವು. ದೊಡ್ಡದೇ ಇತ್ತು. ಹಂಡೆಯಂಥ ತಲೆ, ಮೇಲ್ಮೋರೆ ಮಾಡಿದ ಬಾಯಿ, ಒಂದೊಂದು ಹುರುಪೆಯೂ ಕಾಸಿನಗಲ. ರಂಗನಾಥ ತೋಟದ ಲೆಕ್ಕ ಬರೆಯುವ ರೈಟರನ್ನು ಕರೆದು, ತಕ್ಕಡಿ ತಾ ಎಂದ.

ರೈಟರು ಅಲ್ಲಾಡಲಿಲ್ಲ. ತಕ್ಕಡಿ ಇಲ್ಲ ಸಾರ್, ನಿನ್ನೆ ನೀವೇ ಮುದ್ರೆಗೆ ಕಳಿಸಿದಿರಲ್ಲ ಎಂದರು.

ವರ್ಷಕ್ಕೊಮ್ಮೆ ತೂಕದ ಇನ್ಸ್‌ಪೆಕ್ಟರು ಕೊಟ್ಟಿಗೆಹಾರಕ್ಕೆ ಬಂದು ಪಂಚಾಯ್ತಿ ಕಟ್ಟಡದಲ್ಲಿ ಕೂರುತ್ತಿದ್ದರು. ಕಾಫಿ ಕೊಯ್ಲು ಮುಗಿದು ತಕ್ಕಡಿಗೆ ಕೆಲಸವಿಲ್ಲದ ಕಾಲ ನೋಡಿಯೇ ಬರುವುದು. ತೋಟದವರು, ಅಂಗಡಿಯವರು, ಕೋಳಿ ಮಾರುವವರು ಎಲ್ಲರೂ ತಮ್ಮ ತಕ್ಕಡಿ, ಬಟ್ಟು ಒಯ್ದು ಒಪ್ಪಿಸಬೇಕು. ಅವರು ಪರೀಕ್ಷೆ ಮಾಡಿ ಮುದ್ರೆ ಒತ್ತಿ ಕೊಡುತ್ತಾರೆ. ಹೀಗೆ ಆ ಎರಡು ಮೂರು ದಿನ ಚಾರ್ಮಾಡಿ ಘಾಟಿಯಿಂದ ಈಚೆಗೆ ತೂಕ ಎಂಬುದೇ ಇರುತ್ತಿರಲಿಲ್ಲ. ಅಂಗಡಿಯಲ್ಲಿ ಸಕ್ಕರೆಯನ್ನು ಕೈಯಲ್ಲಿ ತೂಗಿ ಕೊಡುತ್ತಿದ್ದರು.

ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿ ಪಂಚಾಯ್ತಿ ಕಟ್ಟಡಕ್ಕೆ ಹೋದೆವು. ದಾರಿಯಲ್ಲಿ ಮೀನು ತನ್ನ ಪಾಡಿಗೆ ತಾನು ಸತ್ತುಹೋಯಿತು. ತೂಕದ ಚಿಂತೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಒಳಗೆ ನೋಡಿದರೆ ಊರಿನ ತಕ್ಕಡಿಯೆಲ್ಲ ಅಲ್ಲೇ ಇತ್ತು. ತೂಗುಹಾಕುವವು, ಮೇಲೆ ನಿಲ್ಲುವವು, ತಟ್ಟೆಯವು, ಗೋಡೆಯುದ್ದಕ್ಕೂ ಛತ್ರದಲ್ಲಿ ಪಂಕ್ತಿಗೆ ಕೂತ ಜನರ ಹಾಗೆ ಕೂತಿದ್ದವು. ರಂಗನಾಥನಿಗೆ ತನ್ನದು ದೂರದಿಂದಲೇ ಕಂಡಿತು.

ಇನ್ಸ್‌ಪೆಕ್ಟರು ಸಣ್ಣಗೆ, ಶಿಸ್ತಾಗಿ ಇದ್ದರು. ಒಂದೇ ನಿಮಿಷ ಎಂದು ರಂಗನಾಥ ಕೇಳಿಕೊಂಡ. ಅವರು ಕನ್ನಡಕ ತೆಗೆದು ಒರೆಸಿದರು. ಮುದ್ರೆ ಒತ್ತುವ ಅಚ್ಚು ಸವೆದು ಮೂಡಿಗೆರೆಗೆ ಹೋಗಿದೆ, ಸೋಮವಾರ ಬರುತ್ತದೆ, ಅಲ್ಲಿಯವರೆಗೆ ಇವು ಯಾವುದೂ ತಕ್ಕಡಿ ಅಲ್ಲ ಎಂದರು.

"ತಕ್ಕಡಿ ಅಲ್ದೆ ಮತ್ತೇನು ಸಾರ್ ಇದು?"

"ಕಬ್ಬಿಣ" ಎಂದರು ಇನ್ಸ್‌ಪೆಕ್ಟರು. "ಇದರಲ್ಲಿ ತೂಗಿದರೆ ಬರೋದು ತೂಕ ಅಲ್ಲ. ತೂಕ ಅಂತ ನೀವು ಹೊರಗೆ ಹೇಳಿದ್ರೆ ಅದು ನನ್ನ ಎದುರಿಗೇ ಆದ ಅಪರಾಧ."

ಅಷ್ಟು ಹೇಳಿ ಅವರು ಜೀಪಿನವರೆಗೆ ಬಂದರು. ಆಚೀಚೆ ನೋಡಿ, ಗೋಣಿ ಸರಿಸಿ, ಎರಡೂ ಕೈ ಹಾಕಿ ಮೀನನ್ನು ಎತ್ತಿ ನೋಡಿದರು. ಕಣ್ಣು ಮುಚ್ಚಿಕೊಂಡರು. ಬಾಯಿಗೆ ಒಂದು ಅಂಕಿ ಬಂದದ್ದು ನನಗೆ ಕಂಡಿತು, ಆದರೆ ಅದನ್ನು ನುಂಗಿಕೊಂಡು, ಕೈ ತೊಳೆಯಲು ನೀರು ಎಲ್ಲಿದೆ ಎಂದು ಕೇಳಿ ಹೊರಟುಹೋದರು. ಸರ್ಕಾರಿ ಮನುಷ್ಯ ತನ್ನನ್ನು ತಾನು ಅಷ್ಟು ಬಿಗಿ ಹಿಡಿದದ್ದನ್ನು ನಾನು ಮತ್ತೆ ನೋಡಿಲ್ಲ.

ಮನೆಗೆ ವಾಪಸು ಬಂದಾಗ ಅಂಗಳದಲ್ಲಿ ಜನ ಸೇರಿತ್ತು. ಮೊದಲು ಕೈ ಹಾಕಿದವನು ಶಶಿಧರ್. ಅವನು ಪಕ್ಕದ ತೋಟದವನು. ಪಕ್ಕದ ತೋಟದಲ್ಲಿ ಏನೇ ಬೆಳೆದರೂ ಅವನ ಕಣ್ಣಿಗೆ ಸಣ್ಣದಾಗಿ ಕಾಣುತ್ತಿತ್ತು. ಎತ್ತಿ, ಕೆಳಗಿಟ್ಟು, ಎಂಟು ಕೆಜಿ, ನೀರು ಸೋರಿದರೆ ಏಳೂವರೆ ಎಂದ. ಬಲೆ ಎಳೆದವರು, ತಾವು ಪಟ್ಟ ಕಷ್ಟ ಕೆಡದ ಹಾಗೆ, ಇಪ್ಪತ್ತೆಂಟು ಎಂದರು. ಅಳಿಯ ಅಶ್ವಿನ್ ಎತ್ತಿ ನೋಡಿ, ಎರಡೂ ಕಡೆಯವರ ಮುಖ ನೋಡಿ, ಭಾರ ಇದೆ ಎಂದಷ್ಟೇ ಹೇಳಿದ. ನಂಜಮ್ಮ ಒಲೆ ಬಿಟ್ಟು ಬಂದು ಸೆರಗು ಸಿಕ್ಕಿಸಿ ಎತ್ತಿದಳು. ಗ್ಯಾಸಿನ ಖಾಲಿ ಸಿಲಿಂಡರಿಗಿಂತ ಒಂದು ಚೂರು ಭಾರ ಇರಬಹುದು ಎಂದಳು.

ರಂಗನಾಥನಿಗೆ ಬೇಸರವಾಯಿತು. ಹೋಲಿಸುವುದಕ್ಕೆ ತುಂಬಿದ ಸಿಲಿಂಡರ್ ಇರಲಿಲ್ಲವೇ ಎಂದ.

ಆಮೇಲೆ ಅವನೇ ಒಂದು ಏರ್ಪಾಡು ಮಾಡಿದ. ಹಲಸಿನ ಕೊಂಬೆಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಉದ್ದ ಬಿದಿರಿನ ಗಳ ಅಡ್ಡಲಾಗಿ ಕಟ್ಟಿಸಿದ. ಒಂದು ತುದಿಗೆ ಮೀನು. ಇನ್ನೊಂದು ತುದಿಗೆ ಐವತ್ತು ಕೆಜಿಯ ಯೂರಿಯಾ ಚೀಲ, ಒಡೆಯದ್ದು, ಮೇಲೆ ತೂಕ ಅಚ್ಚಾಗಿದೆ, ಅದಕ್ಕೆ ಯಾವ ಇನ್ಸ್‌ಪೆಕ್ಟರೂ ಬೇಡ. ಕೈಬಿಟ್ಟ ತಕ್ಷಣ ಚೀಲ ನೆಲಕ್ಕೆ ಕುಕ್ಕರಿಸಿತು. ಮೀನು ಬಾಲ ಮೇಲೆ ಮಾಡಿಕೊಂಡು ಕೊಂಬೆಯವರೆಗೆ ಹೋಯಿತು. ಯೂರಿಯಾ ಥಂಡಿ ಹಿಡಿದು ಭಾರವಾಗಿದೆ ಎಂದು ರಂಗನಾಥ ತೀರ್ಮಾನ ಕೊಟ್ಟ. ಥಂಡಿಗೆ ಸರಿಹೋಗಲಿ ಎಂದು ಗಳವನ್ನು ಹಗ್ಗದಲ್ಲಿ ಸ್ವಲ್ಪ ಜರುಗಿಸಿದ. ಸಾಲಲಿಲ್ಲ. ಇನ್ನಷ್ಟು ಜರುಗಿಸಿದ. ಹಾಗೇ ಜರುಗಿಸಿ ಜರುಗಿಸಿ ಹಗ್ಗ ಯೂರಿಯಾ ಚೀಲದ ಕೊರಳ ಹತ್ತಿರ ಬಂದಾಗ ಗಳ ಸಮನಾಗಿ ನಿಂತಿತು.

"ನೋಡಿ" ಎಂದ ರಂಗನಾಥ, ಕೈ ಝಾಡಿಸಿಕೊಂಡು. "ಸರೀ ಐವತ್ತು."

ಅವನು ಸುಳ್ಳು ಹೇಳಲಿಲ್ಲ. ಗಳ ಸಮನಾಗಿತ್ತು, ಚೀಲ ಐವತ್ತು ಕೆಜಿಯದಿತ್ತು, ಅವನ ಕಣ್ಣಿಗೆ ಅದು ಹಾಗೇ ಕಂಡಿತು. ಶಶಿಧರ್ ನಗು ತಡೆಯಲಾರದೆ ಹಲಸಿನ ಮರಕ್ಕೆ ಒರಗಿದ. ಹಗ್ಗ ಇನ್ನೊಂದು ಗೇಣು ಜರುಗಿಸಿದರೆ ನೂರಾಗುತ್ತದೆ ನೋಡು ರಂಗಣ್ಣ, ಬಿಡಬೇಡ ಎಂದ. ಮಾತು ಜಗಳದ ಕಡೆ ತಿರುಗಿತು. ಬೀಗರ ಫೋನು ಬರುವ ಹೊತ್ತೂ ಹತ್ತಿರವಾಗಿತ್ತು.

ಅಷ್ಟರಲ್ಲಿ ಗುರುವಯ್ಯ ಬಂದರು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ರಿಟೈರ್ ಆದವರು. ಡಾಕ್ಟರಿಗಿಂತ ಹೆಚ್ಚು ಔಷಧಿ ಕೊಟ್ಟವರು, ಡಾಕ್ಟರಿಗಿಂತ ಕಡಿಮೆ ಮಾತಾಡುವವರು. ರಂಗನಾಥನ ಹಸು ಮೇವು ಬಿಟ್ಟಿದೆ ಎಂದು ಬರಹೇಳಿದ್ದರಿಂದ ಬಂದಿದ್ದರು. ಇಬ್ಬರ ವಾದವನ್ನೂ ನಿಂತು ಕೇಳಿದರು. ಎಂಟೂ ಅಲ್ಲ, ಐವತ್ತೂ ಅಲ್ಲ, ಊಹೆ ಎಲ್ಲ ಯಾಕೆ, ಪ್ರಾಣಿಯ ತೂಕಕ್ಕೆ ಸೂತ್ರ ಇದೆಯಲ್ಲ ಎಂದು ಚೀಲದಿಂದ ಟೇಪು ತೆಗೆದರು.

ಅದು ದನ ಅಳೆಯುವ ಟೇಪು. ದನಕ್ಕೆ ಔಷಧಿ ಕೊಡಬೇಕಾದರೆ ತೂಕ ಗೊತ್ತಿರಬೇಕು. ದನವನ್ನು ತಕ್ಕಡಿಗೆ ಹಾಕಲಾಗದು. ಅದಕ್ಕೆ ಎದೆಯ ಸುತ್ತಳತೆ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಗುಣಿಸಿ, ಮುನ್ನೂರರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. ಗುರುವಯ್ಯ ಮೊಣಕಾಲೂರಿ ಕೂತು ಮೀನಿನ ಎದೆ ಎಲ್ಲಿ ಎಂದು ಸ್ವಲ್ಪ ಹೊತ್ತು ಹುಡುಕಿದರು. ಮುಂಗಾಲು ಇದ್ದಿದ್ದರೆ ಇಲ್ಲಿರುತ್ತಿತ್ತು ಎಂದು ರೆಕ್ಕೆಯ ಹಿಂದೆ ಟೇಪು ಸುತ್ತಿದರು. ಇಪ್ಪತ್ತೆಂಟು ಇಂಚು. ಉದ್ದ ಮೂವತ್ತಾರು. ಅಭ್ಯಾಸಬಲದಿಂದ ಬಾಯಿ ಅಗಲಿಸಿ ಹಲ್ಲನ್ನೂ ನೋಡಿದರು. ಹಲ್ಲು ಇರಲಿಲ್ಲ. ಮೀನಿನ ಬಾಯಿ ಮುಚ್ಚಿದರು.

ಅಂಗಳದ ಸಿಮೆಂಟಿನ ಮೇಲೆ ಇದ್ದಿಲಿನಲ್ಲಿ ಲೆಕ್ಕ ಹಾಕಿದರು. ಎಲ್ಲರೂ ಬಗ್ಗಿ ನೋಡಿದೆವು. ಪೌಂಡು ಹೋಗಿ ಕೆಜಿ ಬಂದಾಗ ಗುರುವಯ್ಯ ಎದ್ದು ನಿಂತು, ನಲವತ್ತೆರಡು ಎಂದರು.

ಶಶಿಧರ್ ಕೂಡ ಲೆಕ್ಕವನ್ನು ಇನ್ನೊಮ್ಮೆ ಓದಿ ತಲೆಯಾಡಿಸಿದ. ಸೂತ್ರದ ಎದುರಿಗೆ ಯಾರು ಏನು ಹೇಳುತ್ತಾರೆ. ಆ ಸೂತ್ರ ದನಕ್ಕೆ ಸರಿ, ಮೀನಿಗೆ ಸರಿಯೇ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗುರುವಯ್ಯನ ಟೇಪಿನ ಮೇಲೆ ಸುತ್ತಿನ ಊರಿನ ಹಸು ಕರುಗಳೆಲ್ಲ ಬದುಕಿದ್ದವು. ಒಂದು ಮೀನು ಅದನ್ನು ಮೀರುತ್ತದೆಯೇ. ರಂಗನಾಥನಂತೂ ತೃಪ್ತನಾದ. ಐವತ್ತು ಹೇಳುವುದು ಬೇಡ, ನಾನು ಅಂದಾಜಿನ ಮನುಷ್ಯ ಅಲ್ಲ, ವಿಜ್ಞಾನ ಏನು ಹೇಳುತ್ತದೋ ಅಷ್ಟೇ ಹೇಳುತ್ತೇನೆ ಎಂದು ಎಂಟು ಕೆಜಿ ಬಿಟ್ಟುಕೊಟ್ಟವನ ಗತ್ತಿನಲ್ಲಿ ಒಳಗೆ ಹೋದ.

ಫೋನು ಬಂತು. ಆ ಲೈನು ವಾರದಲ್ಲಿ ನಾಲ್ಕು ದಿನ ಸತ್ತಿರುತ್ತಿತ್ತು. ಆ ದಿನ ಜೀವ ಇತ್ತು. ನಲವತ್ತೆರಡು ಎಂದು ರಂಗನಾಥ ಹೇಳಿದ. ತೂಗಿದ್ದೋ ಅಂದಾಜಿಗೆ ಹೇಳಿದ್ದೋ ಎಂದು ಹೂವೇಗೌಡರು ಕೇಳಿದರಂತೆ. ಡಾಕ್ಟರು ಬಂದು ಅಳೆದು ಹೇಳಿದ್ದು ಎಂದು ಇವನು ಹೇಳಿದ. ಮೀನಿಗೆ ಡಾಕ್ಟರು ಯಾಕೆ ಬಂದರು ಎಂದು ಅವರು ಕೇಳುವಷ್ಟರಲ್ಲಿ ಲೈನು ಹೋಯಿತು. ಕೆಜಿಗೆ ಇಬ್ಬರು, ಅಂದರೆ ಎಂಬತ್ತನಾಲ್ಕು ಜನ. ಒಂದು ಬಸ್ಸು, ಎರಡು ಜೀಪು.

ನಂಜಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ನಲವತ್ತೆರಡರಲ್ಲಿ ಅರ್ಧ ತೆಗೆದಳೋ ಏನೋ, ಈ ಸಲ ಅರ್ಧ ತೆಗೆದರೂ ಉಳಿಯುವುದಿಲ್ಲ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಮೀನು ನಾಳೆಯವರೆಗೆ ಕೆಡಬಾರದು, ಐಸ್ ತರಿಸಬೇಕು ಎಂದು ಗಂಡನಿಗೆ ಹೇಳಿದಳು. ಒಳ್ಳೆ ಯೋಚನೆ ಎಂದು ಅವನು ಹೊಗಳಿದ. ಡ್ರೈವರ್ ಜೊತೆ ಯಾರಾದರೂ ಹೋಗಲಿ, ದೊಡ್ಡಯ್ಯ ಹೋಗಲಿ ಎಂದಳು. ಜೀಪು ಹತ್ತುವಾಗ ಹತ್ತಿರ ಬಂದು, "ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬರೋ ಮೀನಿನ ಗಾಡಿ ಕೊಟ್ಟಿಗೆಹಾರದಲ್ಲಿ ನಿಂತಿರುತ್ತೆ ದೊಡ್ಡಯ್ಯ. ಐಸಿನ ಅಡಿಯಲ್ಲಿ ಸಮುದ್ರದ ಅಂಜಲ್ ಮೀನು ಹಾಕಿಸ್ಕೊಂಡು ಬನ್ನಿ. ದೊಡ್ಡವು, ಎರಡು ಮೂರು. ತಲೆ ತೆಗೆಸಿಬಿಡಿ" ಎಂದಳು.

ನಾನು ಮೂರು ಅಂಜಲ್ ತೆಗೆದುಕೊಂಡೆ. ಮೀನಿನವನು ಎರಡರ ತಲೆ ತೆಗೆದ. ಮೂರನೆಯದಕ್ಕೆ ಕತ್ತಿ ಎತ್ತುವ ಹೊತ್ತಿಗೆ ಧರ್ಮಸ್ಥಳದ ಬಸ್ಸು ಬಂದು ಅವನಿಗೆ ಗಿರಾಕಿ ಮುತ್ತಿಕೊಂಡರು. ಅದು ತಲೆಸಮೇತ ಐಸಿನ ಅಡಿಗೆ ಹೋಯಿತು. ಮನೆಯಲ್ಲಿ ತೆಗೆದರಾಯಿತು ಎಂದುಕೊಂಡೆ, ನಂಜಮ್ಮನಿಗೆ ಹೇಳುವುದು ಮರೆತೆ.

ಭಾನುವಾರ ಬೆಳಗ್ಗೆ ಅಡುಗೆಗೆ ಮುತ್ತಮ್ಮ ಬಂದಳು. ಮದುವೆ ಮುಂಜಿಗಳಿಗೆ ಅಡುಗೆ ಮಾಡುವವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು ಎಂದು ಹೆಸರು. ಕೊಟ್ಟಿಗೆಯ ಹಿಂದೆ ಒಲೆ ಹೂಡಿ, ಒಂದು ಕೊಳಗದಲ್ಲಿ ಕಡುಬು, ಎರಡು ಕೊಳಗದಲ್ಲಿ ಮೀನು. ಯಾವ ಕೊಳಗದಲ್ಲಿ ಯಾವ ಮೀನು ಎಂಬುದು ನಂಜಮ್ಮನಿಗೂ ರೂಪಶ್ರೀಗೂ ಮುತ್ತಮ್ಮನಿಗೂ ಗೊತ್ತಿತ್ತು. ರಂಗನಾಥನಿಗೆ ಗೊತ್ತಿರಲಿಲ್ಲ. ಅವನು ಕೊಳಗ ನೋಡಿ, ನಲವತ್ತೆರಡು ಅಂದರೆ ಸುಮ್ಮನೆ ಅಲ್ಲ ಎಂದುಕೊಂಡು ಹೋದ.

ಹನ್ನೆರಡೂವರೆಗೆ ಬೀಗರು ಬಂದರು. ಬಸ್ಸಿನಿಂದ ಇಳಿದವರು ಇಳಿಯುತ್ತಲೇ ಇದ್ದರು. ಹೂವೇಗೌಡರು ಮುಂದೆ, ಅವರ ಅಣ್ಣ ಲಕ್ಕೇಗೌಡರು ಹಿಂದೆ. ಲಕ್ಕೇಗೌಡರಿಗೆ ಕಿವಿ ಮಂದ; ಊಟಕ್ಕೆ ಕೂತರೆ ಕಣ್ಣೂ ಮಂದ, ಎಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಶಶಿಧರ್ ಕರೆಯದಿದ್ದರೂ ಬಂದು ಉಪ್ಪಿನಕಾಯಿ ಬಡಿಸುತ್ತೇನೆ ಎಂದು ತಾನೇ ಮುಂದೆ ಬಿದ್ದ. ಅವನು ಬಂದದ್ದು ಮೀನು ಯಾವ ಎಲೆಗೆ ಮುಗಿಯುತ್ತದೆ ಎಂದು ನೋಡುವುದಕ್ಕೆ.

ನಮ್ಮಲ್ಲಿ ದೊಡ್ಡ ಮೀನು ಮಾಡಿದರೆ ತಲೆ ಹಿರಿಯ ಬೀಗರಿಗೆ. ಅದು ಮರ್ಯಾದೆ. ಹಿರಿಯ ಬೀಗರು ಯಾರು ಎಂಬಲ್ಲಿ ಎಡವಟ್ಟಾಯಿತು. ಹುಡುಗನ ಅಪ್ಪ ಹಿರಿಯ ಬೀಗ ಎಂದು ರಂಗನಾಥ ಲೆಕ್ಕ ಹಾಕಿ, ತಲೆಯನ್ನು ಹೂವೇಗೌಡರ ಎಲೆಗೆ ಹಾಕು ಎಂದು ಮುತ್ತಮ್ಮನಿಗೆ ಹೇಳಿದ. ವಯಸ್ಸಿನಲ್ಲಿ ದೊಡ್ಡವರಿಗೇ ಸಲ್ಲಬೇಕು ಎಂದು ನಂಜಮ್ಮ ಅಂದುಕೊಂಡು, ಲಕ್ಕೇಗೌಡರ ಎಲೆಗೆ ಹಾಕು ಎಂದು ಮುತ್ತಮ್ಮನಿಗೆ ಹೇಳಿದಳು. ಮುತ್ತಮ್ಮ ಇಬ್ಬರಿಗೂ ಹೂಂ ಎಂದಳು. ಅವಳಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಇಬ್ಬರು ಹೇಳಿದ್ದರು, ಎರಡು ಕೊಳಗದಲ್ಲಿ ತಲೆಯೂ ಎರಡು ಇತ್ತು.

ಪಂಕ್ತಿ ಶುರುವಾಯಿತು. ಮೀನು ಬಂತು. ಮತ್ತೆ ಬಂತು. ಕಡುಬು ಮುರಿಯುವ ಕೈಗಳು ನಿಧಾನವಾದವು, ಮೀನು ನಿಧಾನವಾಗಲಿಲ್ಲ. ಹೂವೇಗೌಡರ ಮುಖದಲ್ಲಿ ಮೊದಲು ಇದ್ದ ನಗು ಹೋಗಿ ಲೆಕ್ಕ ಹಾಕುವವನ ಮುಖ ಬಂತು. ಬರಿ ಒಂದೇ ಮೀನು, ಬೀಗರೇ, ಸಂಕೋಚ ಮಾಡ್ಕೋಬೇಡಿ ಎನ್ನುತ್ತ ರಂಗನಾಥ ಸಾಲಿನುದ್ದಕ್ಕೂ ಓಡಾಡಿದ. ಶಶಿಧರ್ ಉಪ್ಪಿನಕಾಯಿ ಹಿಡಿದು ಮೂರು ಸಲ ಅಡುಗೆ ಕಡೆ ಹೋಗಿಬಂದ. ಪ್ರತಿ ಸಲವೂ ಬಾಗಿಲಲ್ಲಿ ನಂಜಮ್ಮ ಅವನ ಕೈಗೆ ಉಪ್ಪಿನಕಾಯಿ ತುಂಬಿ ವಾಪಸು ಕಳಿಸಿದಳು.

ಆಗ ಮುತ್ತಮ್ಮ ಎರಡು ಬಟ್ಟಲು ಹಿಡಿದು ಬಂದಳು.

ಹೂವೇಗೌಡರ ಎಲೆಗೆ ಒಂದು ತಲೆ ಬಿತ್ತು. ಅಗಲವಾದದ್ದು, ಮೇಲ್ಮೋರೆಯದು, ಹಲ್ಲಿಲ್ಲದ್ದು. ಅವರು ಸಂತೋಷದಿಂದ ನೆಟ್ಟಗೆ ಕೂತರು. ಮುತ್ತಮ್ಮ ಎರಡು ಹೆಜ್ಜೆ ಮುಂದೆ ಹೋಗಿ ನನ್ನ ಪಕ್ಕದಲ್ಲಿದ್ದ ಲಕ್ಕೇಗೌಡರ ಎಲೆಗೆ ಇನ್ನೊಂದು ತಲೆ ಹಾಕಿದಳು. ಚೂಪಾದದ್ದು, ಬಾಯಿ ತುಂಬ ಹಲ್ಲು. ಲಕ್ಕೇಗೌಡರು ಯಾರಿಗೂ ಕಾಯದೆ ಶುರು ಮಾಡಿದರು.

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಒಬ್ಬೊಬ್ಬರಾಗಿ ಆ ಎಲೆಯಿಂದ ಈ ಎಲೆಗೆ, ಈ ಎಲೆಯಿಂದ ಆ ಎಲೆಗೆ ನೋಡಿದರು. ಲಕ್ಕೇಗೌಡರು ಮುಳ್ಳು ಚೀಪುವ ಶಬ್ದ ಮಾತ್ರ ಕೇಳುತ್ತಿತ್ತು. ರೂಪಶ್ರೀ ಅತ್ತೆಯ ಎಲೆಗೆ ಕಡುಬು ಹಾಕುತ್ತಿದ್ದವಳು ಕೈ ಹಾಗೇ ನಿಲ್ಲಿಸಿದಳು. ನಂಜಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು. ನಾನು ಕಡುಬು ಮುರಿದೆ.

ಶಶಿಧರ್‌ಗೆ ಇಂಥ ದಿನ ಮತ್ತೆ ಬರುವುದಿತ್ತೇ. ಉಪ್ಪಿನಕಾಯಿ ಪಾತ್ರೆ ಕೆಳಗಿಟ್ಟು, ತಗ್ಗಿದ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ರಂಗಣ್ಣ, ನಿನ್ನ ಕೆರೆ ಮೀನಿಗೆ ತಲೆ ಎಷ್ಟು ಮಾರಾಯ?"

ರಂಗನಾಥ ಬಂದು ನೋಡಿದ. ಒಂದು ಎಲೆ ನೋಡಿದ, ಇನ್ನೊಂದು ಎಲೆ ನೋಡಿದ. ಅವನಿಗೆ ಅಂಜಲ್‌ನ ಸುದ್ದಿ ಗೊತ್ತಿಲ್ಲ. ಮೀನು ತನ್ನದೇ, ಒಂದೇ. ಕೈಕಟ್ಟಿ, ಕಣ್ಣು ಅರ್ಧ ಮುಚ್ಚಿ, ಕಾಫಿ ಗಿಡದ ಮುಂದೆ ನಿಲ್ಲುವ ಹಾಗೆ ನಿಂತ. ಕಡೆಗೆ, ನಿಜವಾಗಿಯೂ ಯೋಚನೆ ಮಾಡಿ, ಹೇಳಿದ.

"ನೀರಲ್ಲಿದ್ದಾಗ ಒಂದೇ ಕಾಣ್ತಿತ್ತು."

ಯಾರೂ ನಗಲಿಲ್ಲ. ನಗುವುದೋ ಬೇಡವೋ ಎಂದು ಎಲ್ಲರೂ ಹೂವೇಗೌಡರ ಮುಖ ನೋಡಿದರು. ಅವರು ನಕ್ಕರೆ ಬಸ್ಸು ತುಂಬ ನಗು ಕಳಸಕ್ಕೆ ಹೋಗುತ್ತದೆ. ಆಮೇಲೆ ಆ ಮನೆಯಲ್ಲಿ ಅದು ಎಂದಿಗೂ ಮುಗಿಯುವುದಿಲ್ಲ. ಹೂವೇಗೌಡರು ಅಣ್ಣನ ಎಲೆಯ ಕಡೆ ಬಗ್ಗಿ ಹಲ್ಲಿರುವ ತಲೆಯನ್ನು ಚೆನ್ನಾಗಿ ನೋಡಿದರು. ಆಮೇಲೆ ತಮ್ಮ ಸಾಲನ್ನು ಒಮ್ಮೆ ನೋಡಿದರು. ನಲವತ್ತೆರಡು ಎಂಬ ಅಂಕಿ ನಂಬಿ, ನಂಬದವರ ಜೊತೆ ವಾದ ಮಾಡಿ, ಅಷ್ಟೂ ಜನರನ್ನು ಬಸ್ಸು ಹತ್ತಿಸಿದವರು ಅವರೇ. ಆಮೇಲೆ ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದ ಸೊಸೆಯನ್ನು ನೋಡಿದರು. ಅವಳ ಕಣ್ಣು ಎಲೆಗಳ ಮೇಲಿರಲಿಲ್ಲ, ಅಪ್ಪನ ಮೇಲಿತ್ತು.

"ಬೀಗರೇ" ಎಂದರು ಹೂವೇಗೌಡರು. "ನೀವು ಫೋನಲ್ಲಿ ನಲವತ್ತೆರಡು ಅಂದಾಗ ನನಗೆ ಅನುಮಾನ ಇತ್ತು. ಒಂದು ಮೀನು ಅಷ್ಟು ಹೆಂಗೆ ತೂಗುತ್ತೆ ಅಂತ. ತಲೆ ಎರಡು ಅಂತ ಆಗ್ಲೇ ಹೇಳಬಾರದಿತ್ತಾ? ಸುಮ್ಮನೆ ಅನುಮಾನ ಪಟ್ಟೆ."

ಆಗ ಸಾಲು ನಕ್ಕಿತು. ಆದರೆ ಅದು ಬೇರೆ ನಗು. ಲಕ್ಕೇಗೌಡರಿಗೂ ಏನೋ ಕೇಳಿಸಿ, ಮೀನು ಚೆನ್ನಾಗಿದೆ ಎಂದರು. ಹೂವೇಗೌಡರು ಸೊಸೆಯ ಕಡೆ ಎಲೆ ಸರಿಸಿದರು.

"ಇನ್ನೊಂದು ತುಂಡು ಹಾಕು ಮಗಾ. ನಿಮ್ಮಪ್ಪನ ಲೆಕ್ಕ ಸರಿಯಾಗಿದೆ."

ರೂಪಶ್ರೀ ಒಂದಲ್ಲ, ಎರಡು ಹಾಕಿದಳು. ನಂಜಮ್ಮ ಒಳಗೆ ಹೋದವಳು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಊಟವಾಗಿ ಎಲ್ಲರೂ ಜಗಲಿಯಲ್ಲಿ ಒರಗಿದ್ದಾಗ ಹೂವೇಗೌಡರು ಊಟಕ್ಕೆ ಬಂದಿದ್ದ ಗುರುವಯ್ಯನನ್ನು ಪಕ್ಕಕ್ಕೆ ಕರೆದು ಅಳತೆ ಮಾಡಿದ ವಿಧಾನ ಕೇಳಿದರು. ಅಂಗಳದಲ್ಲಿ ಇದ್ದಿಲಿನ ಲೆಕ್ಕ ಇನ್ನೂ ಇತ್ತು. ಅದನ್ನು ನೋಡಿ ಅರ್ಥ ಮಾಡಿಕೊಂಡು, ತಾವು ಭದ್ರಾ ಹೊಳೆಯಲ್ಲಿ ಹಿಡಿದ ಮೀನು ಇಷ್ಟುದ್ದ, ಸುತ್ತಳತೆ ಇಷ್ಟು ಎಂದು ಕೈಯಲ್ಲೇ ತೋರಿಸಿ, ಹಾಗಾದರೆ ಅದು ಎಷ್ಟಿದ್ದಿರಬಹುದು ಎಂದರು. ಗುರುವಯ್ಯ ಟೇಪು ಹಿಡಿದು ಅವರ ಎರಡು ಕೈಗಳ ನಡುವಿನ ಗಾಳಿಯನ್ನು ಅಳೆದರು. ಗುಣಿಸಿದರು, ಭಾಗಿಸಿದರು. ಅಂಕಿ ಹೊರಬಿದ್ದಾಗ ಹೂವೇಗೌಡರು ಅದನ್ನು ಎರಡು ಸಲ ಹೇಳಿಸಿ ಕೇಳಿದರು. ಇಷ್ಟು ದಿನ ಕಡಿಮೆ ಹೇಳಿಕೊಂಡು ಬಂದೆನಲ್ಲ ಎಂಬ ದುಃಖ ಅವರ ಮುಖದಲ್ಲಿತ್ತು. ಆ ಟೇಪನ್ನು ಕೊಡುತ್ತೀರಾ ಎಂದು ಕೇಳಿ ಇಸಿದುಕೊಂಡು ಜೇಬಿಗಿಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಬಸ್ಸಿನವನು ಹಾರನ್ ಹಾಕಿದ. ಸೋಬಾನೆ, ಕುಂಕುಮ, ಮಡಿಲಕ್ಕಿ ಎಲ್ಲ ಆಯಿತು. ರೂಪಶ್ರೀ ಅಮ್ಮನಿಗೆ ನಮಸ್ಕಾರ ಮಾಡಿ, ನನಗೆ ಮಾಡಿ, ಅಪ್ಪನ ಹತ್ತಿರ ಬಂದಳು. ರಂಗನಾಥ ಬಸ್ಸಿನ ಟೈರು ನೋಡುತ್ತ ನಿಂತಿದ್ದ.

"ಅಪ್ಪಾ, ಮಾವ ಊರಲ್ಲಿ ಐವತ್ತು ಅಂತ ಹೇಳ್ತಾರಂತೆ. ನೀವೂ ಅದನ್ನೇ ಹೇಳಿ, ಬೇರೆ ಹೇಳಬೇಡಿ" ಎಂದಳು.

"ಐವತ್ತೇ ಇತ್ತು" ಎಂದ ರಂಗನಾಥ. "ಗುರುವಯ್ಯನ ಟೇಪು ಸ್ವಲ್ಪ ಕಮ್ಮಿ ತೋರಿಸ್ತು."

ಅವಳು ನಕ್ಕಳು, ನಗುತ್ತ ಕಣ್ಣು ಒರೆಸಿಕೊಂಡು ಬಸ್ಸು ಹತ್ತಿದಳು.

ಸೋಮವಾರ ಮಧ್ಯಾಹ್ನ ತಕ್ಕಡಿ ಬಂತು. ಹಿತ್ತಾಳೆಯ ಮೇಲೆ ಹೊಸ ಮುದ್ರೆ ಹೊಳೆಯುತ್ತಿತ್ತು. ರಂಗನಾಥ ಅದನ್ನು ಹಲಸಿನ ಕೊಂಬೆಗೆ ತೂಗುಹಾಕಿಸಿ, ಮುಳ್ಳು ಸೊನ್ನೆಯಲ್ಲಿ ಸರಿಯಾಗಿ ನಿಲ್ಲುತ್ತದೆಯೇ ಎಂದು ಕೈಕಟ್ಟಿ ನೋಡುತ್ತ ನಿಂತ. ಸರಿಯಾಗಿ ನಿಂತಿತ್ತು. ನಂಜಮ್ಮ ಜಗಲಿಯಿಂದ, ಏನು ತೂಗುತ್ತೀರಿ ಎಂದು ಕೇಳಿದಳು. ತೂಗುವುದಕ್ಕೆ ಏನೂ ಇರಲಿಲ್ಲ. ಮೀನು, ಬೀಗರು, ಮಗಳು, ಎಲ್ಲ ಭಾನುವಾರವೇ ಹೊರಟುಹೋಗಿದ್ದರು.